ಧಾರೆ ಗಿಂಡಿ

ಮತ್ತೆ ಸೊನ್ನೆ, ಇನ್ನೊಂದು ಸೊನ್ನೆ, ಆಮೇಲೆ ಆ ದೇಶದ ಸಂಖ್ಯೆ, ಬೆರಳು ಜಾರಿತು, ಬೆವರು, ರವೀಂದ್ರ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಮೊದಲಿನಿಂದ ಒತ್ತುತ್ತಾನೆ, ಈ ಗಾಜಿನ ಬೂತಿನೊಳಕ್ಕೆ ಗಾಳಿಗೆ ದಾರಿಯಿಲ್ಲ, ಸಕ್ಕರೆ ಕಾರ್ಖಾನೆಯ ಮಡ್ಡಿಯ ವಾಸನೆಗೆ ಮಾತ್ರ ಹೇಗೋ ದಾರಿ ಸಿಕ್ಕಿದೆ, ಪಾಂಡವಪುರಕ್ಕೆ ಬೇರೆ ವಾಸನೆಯೇ ಇಲ್ಲವೇನೋ — ಹೊರಗೆ ಬೂತಿನ ಕೆಂಪಣ್ಣ ಸ್ಟೂಲಿನ ಮೇಲೆ ಕೂತು, ಸಿಕ್ತೇನ್ಲಾ ಲೈನು, ಎಂದು ಕೈಯಲ್ಲೇ ಕೇಳುತ್ತಾನೆ, ಇನ್ನೂ ಇಲ್ಲ, ರವೀಂದ್ರ ತಲೆಯಾಡಿಸುತ್ತಾನೆ, ಇನ್ನೂ ಇಲ್ಲ, ಬೆಳಿಗ್ಗೆ, ವೀಸಾದ ಪೊಲೀಸ್ ವರದಿಯಲ್ಲಿ ಏನು ಬರೆದಿದ್ದ ಎಂದು ಕೇಳಲು ಹೋದಾಗ, ನಾಗಮಂಗಲಕ್ಕೆ ವರ್ಗವಾಗಿ ಅಲ್ಲಿನ ಹೋಟೆಲಿನಲ್ಲಿ ಕೂತಿದ್ದ ಕಾನ್‌ಸ್ಟೇಬಲ್ ಮುದ್ದಯ್ಯ ಮುದ್ದೆ ಮುರಿಯುತ್ತ ಹೇಳಿದ್ದೂ ಇದನ್ನೇ. ಇನ್ನೂ ಇಲ್ಲ ಸ್ವಾಮಿ ಅಂದ್ರು ಕಣಪ್ಪಾ ನಿಮ್ಮವ್ವ, ನಾನೇನ್ ಕನಸು ಕಂಡ್ನಾ, ನಿಮ್ಮ ಮಗಂಗೆ ಮದ್ವೆ ಆಗದಾ ಅಮ್ಮಾ ಅಂತ ಕೇಳ್ದೆ, ಇನ್ನೂ ಇಲ್ಲ ಅಂದ್ರು, ಒಂದು ಲೋಟ ಮಜ್ಜಿಗೆ ಕೊಟ್ರು, ಅವರಂದಿದ್ದ ಬರ್ದೆ, ಮಜ್ಜಿಗೆ ವಿಷ್ಯ ಬರೀಲಿಲ್ಲ ಅಷ್ಟೇಯ — ಎಂದು ಅವನು ನಕ್ಕ, ಸಾರಿನಲ್ಲಿ ಅದ್ದಿದ ತುತ್ತು ಅವನ ಗಂಟಲಲ್ಲಿ ನುಣ್ಣಗೆ ಇಳಿದುಹೋದದ್ದು ಕಾಣಿಸಿತು, ರವೀಂದ್ರ ಅದನ್ನೇ ನೋಡುತ್ತ ನಿಂತಿದ್ದ, ಕೂತ್ಕಳಪ್ಪಾ ಯಾಕಂಗೆ ನಿಂತ್ಬುಟ್ಟೆ, ಮುದ್ದೆ ಆಕುಸ್ಲಾ, ಬೇಡ ಸಾರ್ ಎಂದನೋ ಇಲ್ಲವೋ ನೆನಪಿಲ್ಲ, ಬಸ್ಸು ಹತ್ತಿದ್ದು ನೆನಪಿಲ್ಲ, ಟಿಕೇಟು ಜೇಬಿನಲ್ಲಿದೆ, ಹಾಗಾದರೆ ತೆಗೆದುಕೊಂಡಿರಬೇಕು, ಜಕ್ಕನಹಳ್ಳಿ ಕ್ರಾಸಿನಲ್ಲಿ ಯಾರೋ ಸೌತೆಕಾಯಿ ಕೊಳ್ಳುತ್ತಿದ್ದರು, ಶ್ರೀರಂಗಪಟ್ಟಣದಲ್ಲಿ ಇಳಿದು ಪಾಲಹಳ್ಳಿಯ ಬಸ್ಸು ಹಿಡಿದು ಮನೆಗೆ ಹೋಗಿ ಅವ್ವನ ಎದುರು ನಿಂತು — ಏನು ಕೇಳುವುದು? ಪಾಂಡವಪುರದಲ್ಲೇ ಇಳಿದುಬಿಟ್ಟ, ಈ ಹೊತ್ತಿಗೆ ಹೆಂಡತಿ ವೇರಾ ಅವಳ ದೇಶದ ರಾಜಧಾನಿಯಿಂದ ಹಿಂತಿರುಗಿರುತ್ತಾಳೆ, ರಾತ್ರಿಯ ರೈಲಿನಲ್ಲಿ ಬಂದು, ಎದುರು ಮನೆಯವರ ಟೆಲಿಫೋನಿನ ಹತ್ತಿರ ಕೋಟು ಕೂಡ ಬಿಚ್ಚದೆ ಕೂತಿರುತ್ತಾಳೆ, ಅವಳಿಗೆ ಮೊದಲು ಹೇಳಬೇಕು, ಬೇರೆ ಯಾರಾದರೂ ಹೇಳುವುದಕ್ಕೆ ಮೊದಲು.

ಒಂದು ವರ್ಷದಿಂದ ಅವನು ಬೈದದ್ದೆಲ್ಲ ವೇರಾಳಿಗೆ ವೀಸಾ ಕೊಡದ ಅಲ್ಲಿನ ನಮ್ಮ ರಾಯಭಾರ ಕಚೇರಿಯನ್ನು. ಎದ್ದರೆ ಬೈಗುಳ, ಕೂತರೆ ಬೈಗುಳ, ಕೆ.ಆರ್. ಪೇಟೆಯ ಶೆಡ್ಡಿನಲ್ಲಿ ಟ್ರಾಕ್ಟರಿನ ಹೊಟ್ಟೆಯ ಕೆಳಗೆ ಮಲಗಿ ನಟ್ಟು ಬಿಗಿಯುವಾಗಲೂ ಬೈಗುಳ, ಅಲ್ಲಿ ಗಾಜಿನ ಹಿಂದೆ ಕೂತ ನಮ್ಮ ದೇಶದವನೇ ಆದ ಒಬ್ಬ, ಮುಖ ಕಂಡಿಲ್ಲ, ವೇರಾ ಪತ್ರದಲ್ಲಿ ಬಣ್ಣಿಸಿದಂತೆ ದುಂಡು ಕನ್ನಡಕ, ಕೊರಳಿಗೆ ಮಫ್ಲರು, ಪರಿಶೀಲನೆಯಲ್ಲಿದೆ ಮೇಡಂ, ಮುಂದಿನ ತಿಂಗಳು ಬನ್ನಿ ಮೇಡಂ, ಮದುವೆಯ ಪ್ರಮಾಣಪತ್ರದ ಅನುವಾದಕ್ಕೆ ಮುದ್ರೆ ಬೇಕು, ಮುದ್ರೆಯ ಮೇಲೆ ಇನ್ನೊಂದು ಮುದ್ರೆ ಬೇಕು, ನಿಮ್ಮ ಯಜಮಾನರ ಊರಿನಿಂದ ಪೊಲೀಸ್ ವರದಿ ಬರಬೇಕು, ಬಂದಿಲ್ಲವೇ, ಬಂದಿದೆ, ಆದರೆ ಪರಿಶೀಲನೆಯಲ್ಲಿದೆ — ಅವಳು ಪ್ರತಿ ಸಲ ರಾತ್ರಿಯೆಲ್ಲ ರೈಲಿನಲ್ಲಿ ಕೂತು ಹೋಗಿ, ಹಿಮದಲ್ಲಿ ಸಾಲು ನಿಂತು, ನಾನು ಇವನ ಹೆಂಡತಿ, ನಾನು ಇವನ ಹೆಂಡತಿ, ಅಂತ ಗಾಜಿಗೆ ಹೇಳಿ ಬರುತ್ತಿದ್ದಳು, ಗಾಜಿನ ಮೇಲೆ ನನ್ನ ಉಸಿರಿನ ಹಬೆ ಕೂರುತ್ತದೆ ರವಿ, ಅವನು ಮಾತು ಮುಗಿಸುವ ಹೊತ್ತಿಗೆ ಅವನು ನನಗೆ ಕಾಣುವುದೇ ಇಲ್ಲ, ಎಂದು ಬರೆದಿದ್ದಳು. ಅಪ್ಪ ಸತ್ತ ತಂತಿ ಬಂದಾಗ ಅವನೊಬ್ಬನೇ ಹೊರಟು ಬಂದದ್ದು, ಟ್ರಾಕ್ಟರ್ ಎಂಜಿನಿಯರಿಂಗ್ ಓದಲು ಹೋದಾಗ ಇದ್ದ ದೇಶ ಬರುವಾಗ ಒಡೆದು ಹೋಳಾಗಿತ್ತು, ಹಾಸ್ಟೆಲಿನ ಗೋಡೆಯ ಮೇಲಿನ ಭೂಪಟ ಮಾತ್ರ ಹಳೆಯದೇ, ನೀನು ಮುಂದೆ ಹೋಗು, ನಾನು ಹಿಂದೆಯೇ ಬಂದೆ, ನಿಲ್ದಾಣದಲ್ಲಿ ಅವಳು ಕೈಗವಸು ತೆಗೆದು ಬರಿಗೈಯಲ್ಲಿ ಅವನ ಕೆನ್ನೆ ಹಿಡಿದಿದ್ದಳು, ಹಿಂದೆಯೇ! ಕ್ಯಾಸೆಟ್ಟನ್ನು ಅವಳ ಹತ್ತಿರವೇ ಬಿಟ್ಟು ಬಂದಿದ್ದ, ಓದಲು ಹೊರಟಾಗ ಅವ್ವನ ಮಾತನ್ನು ತುಂಬಿಸಿಕೊಂಡು ಹೋದ ಕ್ಯಾಸೆಟ್ಟು, ಮಗಾ ಐಸ್ ನೀರು ಬ್ಯಾಡ, ರಾತ್ರೆ ಮೊಸರು ಬ್ಯಾಡ, ಕಂಡೋರ ಕೂಡೆ ಜಗಳ ಬ್ಯಾಡ, ಕಣ್ಣೀರ್ ಆಕ್ಕೊಂಡು ಕೂರಬ್ಯಾಡ, ಹಿನ್ನೆಲೆಯಲ್ಲಿ ಎಮ್ಮೆಯ ಕೂಗು, ಬಾವಿಯ ಗಡಗಡೆ, ವೇರಾ ಅದನ್ನು ಹಾಕಿ ಹಾಕಿ ಕನ್ನಡ ಕಲಿತಳು, ಅವಳಿಗೆ ಬಂದ ಮೊದಲ ಪದ ಬ್ಯಾಡ, ಚಳಿಯಲ್ಲಿ ಟೋಪಿ ಹಾಕದೆ ಅವನು ಹೊರಗೆ ಹೊರಟರೆ ಬ್ಯಾಡ, ಮೂರನೆಯ ಲೋಟಕ್ಕೆ ಕೈ ಚಾಚಿದರೆ ಬ್ಯಾಡ, ಅವ್ವನ ಎಳೆತ, ಅವ್ವನ ಗದರಿಕೆ, ನೀಲಿ ಕಣ್ಣು ಬಿಟ್ಟುಕೊಂಡು ಅವ್ವನೇ, ಪಾಲಹಳ್ಳಿಯ ಮಾಯಮ್ಮನೇ ಎದುರಿಗೆ ನಿಂತಂತೆ — ಬೂತಿನಲ್ಲಿ ನಗು ಬಂತು, ರಿಸೀವರಿನಲ್ಲಿ ಸಮುದ್ರದಂಥ ಗುಂಯ್ ಸದ್ದು, ಲೈನಿಲ್ಲ, ಕತ್ತರಿಸು, ಮತ್ತೆ ಸೊನ್ನೆ.

ಇವತ್ತು ಬೆಳಿಗ್ಗೆ ಮನೆ ಬಿಡುವಾಗ ಅವ್ವ ಗಿಂಡಿಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ತೊಳೆದು, ಕಿಟಕಿಯ ಕಟ್ಟೆಯ ಮೇಲೆ ವಾರೆಯಾಗಿ ಒರಗಿಸಿಟ್ಟಿದ್ದಳು, ಅದರ ಮೂತಿಯ ತುದಿಯಲ್ಲಿ ಒಂದು ಹನಿ ನಿಂತಿತ್ತು, ಬಿದ್ದೇ ಬೀಳುತ್ತದೆ ಎಂದುಕೊಂಡು ಚಪ್ಪಲಿ ಮೆಟ್ಟುವವರೆಗೂ ನೋಡಿದ, ಬೀಳಲಿಲ್ಲ. ಅಜ್ಜನ ಕಾಲದ ಹಿತ್ತಾಳೆ ಗಿಂಡಿ, ಅಪ್ಪನ ಮದುವೆಗೆ, ಇಬ್ಬರು ಅಕ್ಕಂದಿರ ಮದುವೆಗೆ ಅದರಿಂದಲೇ ಧಾರೆ ಎರೆದದ್ದು, ಗಂಡು ಹೆಣ್ಣಿನ ಕೈ ಕೂಡಿಸಿ ನಡುವೆ ತೆಂಗಿನಕಾಯಿ ಇಟ್ಟು, ಮೊದಲು ಹೆತ್ತವರು, ಆಮೇಲೆ ನೆಂಟರು, ಆಮೇಲೆ ಊರಿಗೆ ಊರೇ ಸಾಲಾಗಿ ಬಂದು ಒಂದೊಂದು ಎಳೆ ಹಾಲು, ಚಿಕ್ಕವನಿದ್ದಾಗ ಅವನೂ ಎರೆದಿದ್ದ, ಮದುವೆ ಎಂದರೆ ಅಷ್ಟೆ, ಹಾಲು ಎರೆದವರೆಲ್ಲ ಸಾಕ್ಷಿ, ಅದು ಬಿಟ್ಟು ಇನ್ನೇನೇ ಆದರೂ ಅದು ಬರೀ ಮಾತುಕತೆ — ಕೇಳಪ್ಪಾ ಇಲ್ಲಿ, ಮುದ್ದಯ್ಯ ಬೆರಳು ನೆಕ್ಕುತ್ತ ಹೇಳಿದ್ದ, ನಿಮ್ಮವ್ವ ಎಂಥಾ ಒಳ್ಳೆ ಎಂಗ್ಸು, ಒಳೀಕ್ ಕರ್ದು ಗಿಂಡಿ ತೋರುಸ್ತು, ಟ್ರಂಕಿನಿಂದ ಸೀರೆ ತೆಗ್ದು ತೋರುಸ್ತು, ಇದು ನಮ್ಮ ಈರಮ್ಮಂಗೆ ಸ್ವಾಮಿ, ದೂರದ ದೇಶದೋಳು, ಆಲಿನಂಗವಳೆ, ಅವಳು ಬರ್ತಿದ್ದಂಗೇ ಧಾರೆ ಎರ್ದು ನಮ್ಮೋಳು ಮಾಡ್ಕತೀವಿ, ತಾವೂ ಬಂದು ಒಂದ್ ಧಾರೆ ಎರೀಬೇಕು, ಅಂತ ಕೈ ಮುಗೀತು, ನನ್ನೇ ಮದ್ವೇಗೆ ಕರೀತು ಕಣಪ್ಪಾ! ನಾನು ಈ ಡಿಪಾರ್ಟ್‌ಮೆಂಟಿಗೆ ಸೇರ್ದಾಗಿಂದ ಎನ್‌ಕ್ವೈರಿಗೆ ಬಂದೋನ್ನ ಯಾರೂ ಮದ್ವೇಗೆ ಕರ್ದಿಲ್ಲ. ಅದಕ್ಕೇ ನೀಟಾಗಿ ಬರ್ದೆ, ಅವಿವಾಹಿತ, ತಾಯಿಯು ಮದುವೆ ಮಾಡಲು ಸಿದ್ಧತೆ ನಡೆಸಿರುತ್ತಾರೆ. ಏನ್ ತಪ್ಪಪ್ಪಾ? ಏನು ತಪ್ಪು, ಏನೂ ತಪ್ಪಿಲ್ಲ, ಅವನು ಕೆ.ಆರ್. ಪೇಟೆಯ ಶೆಡ್ಡಿನಲ್ಲಿ ಎಣ್ಣೆ ಮೆತ್ತಿದ ಮುಖದಲ್ಲಿ ರಾಯಭಾರ ಕಚೇರಿಯನ್ನು ಬೈಯುತ್ತಿದ್ದ ಆ ಹೊತ್ತಿನಲ್ಲೇ ಅವನ ಮನೆಯ ಜಗುಲಿಯಲ್ಲಿ ಅವ್ವ ಮಜ್ಜಿಗೆಗೆ ಉಪ್ಪು ಹಾಕಿ, ಕೊತ್ತಂಬರಿ ಕಿವುಚಿ, ಪ್ರೀತಿಯಿಂದ, ಪ್ರೀತಿಯಿಂದಲೇ — ವೇರಾ ಅನ್ನಲು ಬಾರದೆ ಈರಮ್ಮ ಅನ್ನುತ್ತ, ಫೋಟೋವನ್ನು ದೇವರ ಗೂಡಿನ ಪಕ್ಕ ಸಿಕ್ಕಿಸಿಕೊಂಡು — ಆ ಮದುವೆಯನ್ನು ಅಳಿಸಿಬಿಟ್ಟಿದ್ದಳು. ಯಾರಿಗೆ ಬೈಯುವುದು ಈಗ? ಅಲ್ಲಿ ರಿಜಿಸ್ಟರ್ ಆಗಿದೆ ಕಣವ್ವಾ ಎಂದು ಊರಿಗೆ ಬಂದ ವಾರದಲ್ಲೇ ಹೇಳಿದ್ದನಲ್ಲ, ನೋಂದಣಿ ಕಚೇರಿಯಲ್ಲಿ ಕೆಂಪು ಪಟ್ಟಿ ತೊಟ್ಟ ಹೆಂಗಸು ಓದಿದ್ದು, ಉಂಗುರ, ಸಹಿ, ಎಲ್ಲ, ಅವ್ವ ಅಕ್ಕಿ ಕೇರುತ್ತ ಕೇಳಿಸಿಕೊಂಡಳು, ಸರಿ ಬುಡು, ಅದು ಗೌರ್ಮೆಂಟ್ದಾಯ್ತು, ನಮ್ದು? ಮೊರದ ಸದ್ದು ನಿಂತಿತ್ತು, ನಮ್ದು ಯಾವಾಗ್ಲಾ? ಅವನು ನಕ್ಕು, ನಮ್ದು ಅವಳು ಬಂದ್ಮೇಲೆ ಮಾಡನ ಬುಡವ್ವಾ — ಅಂದಿದ್ದ, ಬಾಯಿಗೆ ಬಂದದ್ದು, ಅವ್ವ ಅದನ್ನೇ ಸೆರಗಿನಲ್ಲಿ ಕಟ್ಟಿಟ್ಟುಕೊಂಡು, ಕೇಳಿದವರಿಗೆ ಗಂಟು ಬಿಚ್ಚಿ ತೋರಿಸಿದಳು, ವಾರ ವಾರ ಗಿಂಡಿ ಉಜ್ಜಿದಳು, ಉಜ್ಜಿ ಉಜ್ಜಿ ಮೂತಿ ಕನ್ನಡಿಯಾಯಿತು, ತುದಿಯಲ್ಲಿ ಆ ಹನಿ.

ಅಲೋ — ಅಲೋ, ಸಿಕ್ಕಿತು, ಮೀಟರಿನ ಕೆಂಪು ಅಂಕೆಗಳು ಓಡತೊಡಗಿದವು, ಅವಳ ಉಸಿರು, ಅವಳದೇ, ಇಷ್ಟು ದೂರದಿಂದಲೂ ಗುರುತು ಸಿಗುವ ಉಸಿರು, ವೇರಾ, ಕೇಳು, ಒಂದು ತಪ್ಪಾಗಿದೆ, ಇಲ್ಲಿ, ನಮ್ಮ ಮನೆಯಲ್ಲೇ, ಅವಳ ಭಾಷೆಯ ಪದಗಳು ನಾಲಗೆಯಲ್ಲಿ ತುಕ್ಕು ಹಿಡಿದಿವೆ, ಧಾರೆಗೆ ಅಲ್ಲಿ ಪದವಿಲ್ಲ, ಹಾಲು, ಹಾಲು ಸುರಿಯುತ್ತಾರೆ ಕೈಯ ಮೇಲೆ — ನನಗೆ ಗೊತ್ತಾಯಿತು, ಅವಳು ಹೇಳಿದಳು, ದನಿ ಸಮವಾಗಿತ್ತು, ಅವನಿಗೆ ಹೆದರಿಕೆಯಾದದ್ದು ಅದಕ್ಕೇ, ನಿನ್ನೆ ಆತ ಮೊದಲ ಸಲ ಗಾಜಿನ ಹಿಂದಿನಿಂದ ಎದ್ದು ಹೊರಗೆ ಬಂದ, ಕುರ್ಚಿ ಕೊಟ್ಟ, ಚಹಾ ಕೊಟ್ಟ, ಮೇಡಂ, ರವೀಂದ್ರರಿಗೆ ಮದುವೆಯೇ ಆಗಿಲ್ಲ ಎಂದು ಅವರ ತಾಯಿ ಹೇಳಿದ್ದಾರೆ, ಮದುವೆಗೆ ತಯಾರಿ ನಡೆದಿದೆಯಂತೆ, ಹಾಗಾದರೆ ನೀವು ಯಾರು? ಸಾಲಿನಲ್ಲಿ ನಿಂತಿದ್ದವರೆಲ್ಲ ನನ್ನನ್ನು ನೋಡಿದರು ರವಿ, ಒಬ್ಬ ಮುದುಕಿ ನನ್ನ ತೋಳು ಸವರಿದಳು. ಅಲ್ಲ ವೇರಾ, ಆ ತಯಾರಿ ನಿನಗೇ, ಹುಡುಗಿ ನೀನೇ, ಸೀರೆ ನಿನಗೆ, ಗಿಂಡಿ ಉಜ್ಜಿಟ್ಟಿದ್ದಾಳೆ, ಅವ್ವ ನಿನ್ನನ್ನು — ಅವನು ಎಲ್ಲ ಹೇಳಿದ, ಮಜ್ಜಿಗೆ ಕೂಡ ಹೇಳಿದ, ಮುದ್ದಯ್ಯನನ್ನು ಮದುವೆಗೆ ಕರೆದದ್ದು ಹೇಳಿದ, ಆ ಕಡೆ ಒಂದು ಸಣ್ಣ ಸದ್ದು, ನಗುವೋ ಅಳುವೋ, ಮುದ್ದಾದ ಅವ್ವ, ಎಂದಳು, ನಾನು ರಾತ್ರಿಯಿಡೀ ರೈಲಿನಲ್ಲಿ ನಿನ್ನನ್ನು ಮದುವೆಯಾಗುವ ಇನ್ನೊಬ್ಬ ಹುಡುಗಿಯ ಮುಖ ಕಲ್ಪಿಸಿಕೊಳ್ಳುತ್ತಿದ್ದೆ. ಸದ್ಯ, ಸದ್ಯ, ಅವನೆಂದ, ಹೊಸ ವರದಿ ಬರೆಸುತ್ತೇನೆ, ಬೆಂಗಳೂರು, ದಿಲ್ಲಿ, ಮತ್ತೆ ಅಲ್ಲಿಗೆ, ಒಂದು ಆರು ತಿಂಗಳು — ಬೇಕಾಗಿಲ್ಲವಂತೆ, ಎಂದಳು, ಆತ ಇನ್ನೊಂದು ದಾರಿ ಹೇಳಿದ್ದಾನೆ, ನನ್ನ ಮೇಲೆ ನಿಜಕ್ಕೂ ಕನಿಕರ ಬಂದಿತ್ತು ಆತನಿಗೆ, ಹೆಂಡತಿಯ ಅರ್ಜಿ ವಾಪಸು ತಗೊಳ್ಳಿ ಮೇಡಂ, ಪ್ರವಾಸಿಗಳ ಅರ್ಜಿ ಹಾಕಿ, ಅವಿವಾಹಿತೆ ಎಂದು ಬರೆದು ಸಹಿ ಮಾಡಿ, ಎರಡು ವಾರದಲ್ಲಿ ಕೊಡಿಸುತ್ತೇನೆ, ಹೋಗಿ ಅಲ್ಲೇ ಮದುವೆ ಆಗಿ, ಎಲ್ಲರಿಗೂ ಸುಲಭ.

ಎರಡು ವಾರ! ರವೀಂದ್ರನ ಕೈ ಗಾಜಿಗೆ ಬಡಿಯಿತು, ಕೆಂಪಣ್ಣ ಎದ್ದು ನಿಂತ, ಎರಡು ವಾರ, ಕರಿಘಟ್ಟದ ಗುಡಿಯ ಮೆಟ್ಟಿಲು, ಅವ್ವನ ಸೀರೆ ಉಟ್ಟ ವೇರಾ ನೆರಿಗೆ ಎತ್ತಿಹಿಡಿದು ಹತ್ತುತ್ತಾಳೆ, ಊರಿನ ಸಾಲು, ಮುದ್ದಯ್ಯ ಕೂಡ ಟೋಪಿ ತೆಗೆದು ಒಂದು ಎಳೆ ಹಾಲು, ಇಷ್ಟು ಸುಲಭವೇ, ಇಷ್ಟಕ್ಕೆ ಒಂದು ವರ್ಷವೇ, ಸಹಿ ಹಾಕು ವೇರಾ, ಇವತ್ತೇ ವಾಪಸು ಹೋಗು, ಬರೀ ಒಂದು ಪದ, ಯಾರು ಕೇಳುತ್ತಾರೆ, ಅವ್ವನಿಗೂ ಸಂತೋಷ, ಅವ್ವ ಹೇಗಿದ್ದರೂ ಹಾಗೇ ತಿಳಿದಿದ್ದಾಳೆ — ಅಂದದ್ದು ಅವನಿಗೇ ಕೇಳಿಸಿತು, ಗುಂಯ್ ಎನ್ನುವ ಸಮುದ್ರದ ಮೇಲೆ ಹೋಗಿ ಅಪ್ಪಳಿಸಿ ತನ್ನದೇ ದನಿ ತಡವಾಗಿ ಹಿಂತಿರುಗಿ ಬಂತು, ತಿಳಿದಿದ್ದಾಳೆ, ತಿಳಿದಿದ್ದಾಳೆ. ಅಂಕೆಗಳು ಓಡುತ್ತಿವೆ. ವರ್ಷವೆಲ್ಲ ನಾನು ಆ ಗಾಜಿಗೆ ಒಂದೇ ಮಾತು ಹೇಳಿದ್ದೇನೆ, ಅವಳು ನಿಧಾನವಾಗಿ, ಮಗುವಿಗೆ ಹೇಳುವಂತೆ, ಆತ ನಂಬಲಿಲ್ಲ, ಅದು ಆತನ ಕೆಲಸ, ನಿನ್ನ ಅವ್ವ ನಂಬಲಿಲ್ಲ, ಅವರಿಗೆ ಹಾಲು ಬೇಕು, ಅದೂ ಅರ್ಥವಾಗುತ್ತದೆ, ಹಾಲಿಗೆ ನಾನು ಯಾವತ್ತು ಬೇಕಾದರೂ ಕೈ ಒಡ್ಡುತ್ತೇನೆ, ಆದರೆ ಮದುವೆ ಆಗಿಲ್ಲ ಎಂದು ಬರೆಯುವುದು — ನೀನಾಗಿದ್ದರೆ ಬರೆಯುತ್ತಿದ್ದೆಯಾ? ಅವನು ಬಾಯಿ ತೆರೆದ, ಹೂಂ ಎನ್ನಬೇಕಿತ್ತೋ ಇಲ್ಲ ಎನ್ನಬೇಕಿತ್ತೋ, ಎರಡೂ ನಾಲಗೆಯ ತುದಿಯವರೆಗೆ ಬಂದು ನಿಂತವು, ತಾಳು ವೇರಾ, ಬಿಡಿಸಿ ಹೇಳುತ್ತೇನೆ, ಬಂದುಬಿಡು ಮೊದಲು, ಎರಡೇ ವಾರ, ಬರೆದುಕೊಟ್ಟು ಬಂದುಬಿಡು — ಬ್ಯಾಡ, ಎಂದಳು. ಅವಳ ಭಾಷೆಯಲ್ಲಲ್ಲ, ಅವ್ವನ ಕನ್ನಡದಲ್ಲಿ, ಅವ್ವನ ಅದೇ ಎಳೆತದಲ್ಲಿ, ಎಮ್ಮೆ ಕೂಗಿದ್ದೂ ಗಡಗಡೆ ತಿರುಗಿದ್ದೂ ಹಿಂದಿನಿಂದ ಕೇಳಿಸಿದಂತಾಯಿತು, ಬ್ಯಾಡ, ಅಷ್ಟೇ, ಕೆಂಪಣ್ಣ ಗಾಜು ತಟ್ಟಿ ಏನೋ ಕೇಳುತ್ತಿದ್ದಾನೆ, ತುಟಿ ಆಡುತ್ತಿದೆ, ಸದ್ದಿಲ್ಲ, ರವೀಂದ್ರನ ಉಸಿರು ಗಾಜಿನ ಮೇಲೆ ಹಬೆಯಾಗಿ ಕೂತು ಕೆಂಪಣ್ಣ ಮಸುಕಾಗುತ್ತಾನೆ, ಬಸ್ ಸ್ಟ್ಯಾಂಡು ಮಸುಕಾಗುತ್ತದೆ, ಉಳಿದದ್ದು ಕಿಟಕಿಯ ಕಟ್ಟೆ, ವಾರೆಯಾಗಿ ಒರಗಿದ ಗಿಂಡಿ, ಮೂತಿಯ ತುದಿಯಲ್ಲಿ ಆ ಹನಿ, ಬೀಳದೆ, ಹಿಂದಕ್ಕೂ ಸರಿಯದೆ, ಆ ಹನಿ