ಡ್ರೈವರ ಕೈಗೊಂದು ಪಟ್ಟಿ

ಮೇಲಿನ ಮನೆಯ ಬಸ್ ಡ್ರೈವರಿಗೂ ನನಗೂ ಜಗಳ ಹತ್ತಿದ್ದು ನೀರಿನಿಂದ. ಅವರ ಬಾಲ್ಕನಿಯ ಕುಂಡಗಳಿಂದ ಸೋರುವ ಕೆಸರುನೀರು ಸರಿಯಾಗಿ ನನ್ನ ಟೈಲರಿಂಗ್ ಅಂಗಡಿಯ ಬಾಗಿಲಿಗೇ ಬೀಳುತ್ತಿತ್ತು. ಒಮ್ಮೆ, ಇಸ್ತ್ರಿ ಮಾಡಿ ತೂಗುಹಾಕಿದ್ದ ಯಾರದೋ ಮದುವೆ ಕೋಟಿನ ಮೇಲೆ ಬಿತ್ತು. ನಾನು ರಸ್ತೆಗೆ ಬಂದು ತಲೆಯೆತ್ತಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ಮೇಲಿನಿಂದ ಬಗ್ಗಿ, "ಟೈಲರಮ್ಮ, ಮೇಲಿಂದ ಬೀಳೋದೆಲ್ಲ ನಂದೇ ಅಂದ್ರೆ ಹೇಗೆ? ಆಕಾಶನೂ ಮೇಲೇ ಇದೆ," ಎಂದರು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಕಟ್ಟಿದವರು ನಮ್ಮಿಬ್ಬರನ್ನು ನೋಡಿರಲಿಲ್ಲ. ಜಗಳ ವರ್ಷಗಟ್ಟಲೆ ನಡೆಯಿತು. ಇಬ್ಬರಿಗೂ ಅದು ಬೇಕಾಗಿಯೂ ಇತ್ತು.

ಆಮೇಲೆ ಅವರಿಗೆ ಆ ಕಾಯಿಲೆ ಬಂತು. ನರಗಳು ಒಂದೊಂದಾಗಿ ಮೈಯ ಕೈಬಿಡುವ ಕಾಯಿಲೆ, ಮದ್ದಿಲ್ಲದ್ದು. ಅದು ಎಲ್ಲಿಯವರೆಗೆ ಬಂತೆಂದು ನನಗೆ ಬಟ್ಟೆಗಳೇ ಹೇಳುತ್ತಿದ್ದವು. ಅವರ ಹೆಂಡತಿ, ನಾನು ಅಕ್ಕ ಅನ್ನುತ್ತೇನೆ, ಮೊದಲು ಶರ್ಟುಗಳ ಗುಂಡಿ ತೆಗೆಸಿ ಒತ್ತುಗುಂಡಿ ಹಾಕಿಸಿದರು. ಕೆಲವು ತಿಂಗಳಿಗೆ ಒತ್ತುಗುಂಡಿಯೂ ಬೆರಳಿಗೆ ಬಗ್ಗದೆ ವೆಲ್ಕ್ರೋ ಅಂಟುಪಟ್ಟಿ ಹಾಕಿಸಿದರು. ಪ್ಯಾಂಟಿನ ಸೊಂಟ ಹಿಡಿಸಿದರು, ಮತ್ತೆ ಹಿಡಿಸಿದರು. ಕುಂಡದ ನೀರು ಈಗಲೂ ಬೀಳುತ್ತಿತ್ತು, ಆದರೆ ಹಾಕುತ್ತಿದ್ದವರು ಅಕ್ಕ. ನಾನು ಬಾಯಿ ಮುಚ್ಚಿಕೊಂಡು ನೆಲ ಒರೆಸುತ್ತಿದ್ದೆ.

ಒಂದು ದಿನ ಅಕ್ಕ ಅಂಗಡಿಗೆ ಬಂದು, "ಅವರು ನಿನ್ನನ್ನ ಕರೀತಿದ್ದಾರೆ, ಒಂದ್ನಿಮಿಷ ಬಾಮ್ಮ," ಎಂದರು. ಮುಖ ನೋಡಿದರೆ ಜಗಳದ ಕರೆಯಲ್ಲ ಎಂದು ಗೊತ್ತಾಯಿತು. ಕತ್ತರಿಯನ್ನು ಬಟ್ಟೆಯ ಮೇಲೇ ಬಿಟ್ಟು ಹೋದೆ.

ಡ್ರೈವರು ಬಾಲ್ಕನಿಯ ಬಾಗಿಲಿಗೆ ಮುಖ ಮಾಡಿ ಗಾಲಿಕುರ್ಚಿಯಲ್ಲಿದ್ದರು. ಪಕ್ಕದಲ್ಲಿ ಒಬ್ಬ ಡಾಕ್ಟರಮ್ಮ, ಇನ್ನೂ ಚಿಕ್ಕ ವಯಸ್ಸು. ವಿಷಯವನ್ನು ಬಿಡಿಸಿ ಹೇಳಿದ್ದು ಆಕೆಯೇ. ನಮ್ಮಲ್ಲಿ ಈಗ ಹೊಸ ಕಾನೂನು ಬಂದಿದೆ: ವಾಸಿಯಾಗದ ಕಾಯಿಲೆಯವರು ಸಾವನ್ನು ಕೇಳಿ ಪಡೆಯಬಹುದು. ಔಷಧಿಯನ್ನು ಡಾಕ್ಟರು ಬೆರೆಸಿ ಕೊಡುತ್ತಾರೆ. ಆದರೆ ಲೋಟವನ್ನು ಅವರೇ ಎತ್ತಬೇಕು, ಅವರೇ ಕುಡಿಯಬೇಕು. ಬೇರೆ ಕೈ ತಗುಲಿದರೆ ಅದು ಕೊಲೆ. ಮತ್ತೆ, ಇದು ಅವರ ಸ್ವಂತ ಇಚ್ಛೆ ಎಂದು ಹೇಳಲು ಅವರ ಸಾವಿನಿಂದ ಲಾಭವಿಲ್ಲದ ಒಬ್ಬರು ಸಾಕ್ಷಿ ಬೇಕು.

ಡ್ರೈವರ ಮಾತು ನಿಧಾನವಾಗಿತ್ತು. ನಾಲಿಗೆಯ ಹರಿತ ಮಾತ್ರ ಹಾಗೇ ಇತ್ತು. "ನೀವೇ ಹೇಳಿ ಟೈಲರಮ್ಮ, ನಾನು ಸತ್ರೆ ನಿಮಗೇನು ಸಿಗುತ್ತೆ?"

"ಒಣಗಿದ ಬಾಗಿಲು," ಅಂದೆ.

"ಡಾಕ್ಟ್ರೇ, ಅಷ್ಟು ಲಾಭ ನಡೆಯುತ್ತಾ?"

ಡಾಕ್ಟರಮ್ಮ ನಕ್ಕರು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ನನ್ನ ಅಮ್ಮ ಹಾಸಿಗೆ ಹಿಡಿದು ವರ್ಷಗಟ್ಟಲೆ ಮಲಗಿದ್ದಳು. ತಿರುಗಿಸಿ ಮಲಗಿಸಿದ್ದೇನೆ, ತೊಳೆದಿದ್ದೇನೆ, ಬೈದೂ ಇದ್ದೇನೆ. ಒಂದು ದಿನವೂ ಆಕೆ ಸಾಕು ಅನ್ನಲಿಲ್ಲ. ಈ ಮನುಷ್ಯ ಬಾಲ್ಕನಿಯಲ್ಲಿ ಕೂತು ಸಾವಿಗೆ ತಾರೀಖು ಗೊತ್ತು ಮಾಡುತ್ತಿದ್ದಾನೆ, ಅದಕ್ಕೆ ನನ್ನ ಸಹಿ ಬೇರೆ.

"ಹುಟ್ಟಿದ ದಿನ ನಿಮ್ಮನ್ನ ಕೇಳಿ ಇಟ್ಟಿದ್ರಾ, ಹೋಗೋ ದಿನ ಕೇಳೋಕೆ?" ಅಂದೆ.

"ಕೇಳಿದ್ರೆ ಬೇಸಿಗೆ ರಜೆಯಲ್ಲಿ ಇಡಿ ಅಂತಿದ್ದೆ," ಎಂದರು. ಅಕ್ಕ ಮುಖ ತಿರುಗಿಸಿಕೊಂಡರು.

ತಾರೀಖು ಯಾವಾಗ ಎಂದು ಕೇಳಿದೆ. ಮುಂದಿನ ವಾರವಂತೆ. ಅಷ್ಟರಲ್ಲಿ ಕೆಳಗೆ ಬಸ್ಸು ಬಂತು. ನಮ್ಮ ಬೀದಿಯ ಮೂಲೆಯ ತಿರುವು ಕಡಿದಾದದ್ದು, ಹೊಸ ಡ್ರೈವರುಗಳು ಅಲ್ಲಿ ತಡವರಿಸುತ್ತಾರೆ. ಈ ಮನುಷ್ಯ ಮಾತು ನಿಲ್ಲಿಸಿ, ಕತ್ತು ಬಾಗುವಷ್ಟು ಬಾಗಿಸಿ ನೋಡಿದರು. ಗೇರು ಕಿರುಗುಟ್ಟಿತು. "ಕತ್ತೆ! ತಿರುವಿಗೆ ಮುಂಚೆ ಇಳಿಸ್ಬೇಕೋ, ತಿರುವಲ್ಲಿ ಅಲ್ಲ," ಎಂದು ಬೈದರು. ಬೈಯುವಾಗ ಅವರ ಮುಖದಲ್ಲಿದ್ದ ಕಳೆ ನೋಡಿ ನನಗೆ ಅನುಮಾನ ಬಂತು. ಎಲ್ಲರನ್ನೂ ಅಡುಗೆಮನೆಗೆ ಕಳಿಸಿ ಬಾಗಿಲು ಹಾಕಿದೆ.

"ನಿಜ ಹೇಳಿ. ಮುಂದಿನ ವಾರವೇ ಹೋಗ್ಬೇಕು ಅಂತ ಇದ್ಯಾ ನಿಮಗೆ?"

ಬಸ್ಸು ಹೋದ ತಿರುವಿನ ಕಡೆ ನೋಡಿದರು. ಆಮೇಲೆ, "ಇಲ್ಲ," ಎಂದರು. "ಬೆಳಗ್ಗೆ ಹೊತ್ತು ಚೆನ್ನಾಗೇ ಇರುತ್ತೆ. ಬಸ್ ಬರುತ್ತೆ, ಬೈತೀನಿ. ಇವಳು ಪೇಪರ್ ಓದ್ತಾಳೆ. ಆದ್ರೆ ಕೈ ನೋಡಿ."

ಬಲಗೈಯನ್ನು ಎತ್ತಿ ತೋರಿಸಿದರು. ಎದೆಯವರೆಗೆ ಬಂತು, ನಡುಗಿತು, ಬಿದ್ದುಹೋಯಿತು. ಎಡಗೈ ಆಗಲೇ ಸತ್ತಿತ್ತು. ಸ್ಟ್ರಾ ಹಾಕಿ ಹೀರೋಣವೆಂದರೆ ಕೆನ್ನೆಯ ಬಲ ಮೊದಲೇ ಹೋಗಿತ್ತು. ನುಂಗುವುದೊಂದು ಉಳಿದಿತ್ತು.

"ಈ ಕೈ ನಿಂತ ದಿನ ನನ್ನ ಬಾಗಿಲು ಮುಚ್ಚಿಹೋಗುತ್ತೆ. ಆಮೇಲೆ ಉಸಿರು ಕಟ್ಟಿ ಕಟ್ಟಿ ಸಾಯೋದೇ. ನನ್ನ ಜೊತೆ ಕೆಲಸ ಮಾಡಿದ ಕಂಡಕ್ಟರಿಗೆ ಇದೇ ಕಾಯಿಲೆ ಬಂದಿತ್ತು, ಕಣ್ಣಾರೆ ನೋಡಿದೀನಿ. ಅದಕ್ಕೇ ಬೇಗ ಹೋಗ್ತೀನಿ. ಸಾಯೋಕೆ ಆಸೆ ಇದ್ದು ಅಲ್ಲ."

ನನಗೆ ಬಿಸಿ ತುಪ್ಪ ಬಾಯಿಗಿಟ್ಟ ಹಾಗಾಯಿತು. ಸಹಿ ಹಾಕಿದರೆ ಬದುಕಲು ಆಸೆಯಿದ್ದವರನ್ನು ಕಳಿಸಿದಂತೆ. ಹಾಕದಿದ್ದರೆ ಉಸಿರುಕಟ್ಟುವ ಸಾವಿನ ಕೈಗೆ ಒಪ್ಪಿಸಿದಂತೆ. ಬಾಗಿಲು ತೆಗೆದು ಡಾಕ್ಟರಮ್ಮನನ್ನು ಕರೆದು, "ಈ ಕೈಗೆ ಏನಾದ್ರೂ ಆಸರೆ ಕೊಡಬಹುದಾ? ಕಾನೂನು ಬಿಡುತ್ತಾ?" ಎಂದು ಕೇಳಿದೆ.

ಬಿಡುತ್ತದೆ ಎಂದರು ಆಕೆ. ಆಸ್ಪತ್ರೆಯಲ್ಲೇ ಒಂದು ಬಟ್ಟೆಪಟ್ಟಿ ಕೊಟ್ಟಿದ್ದಾರೆ, ಕುರ್ಚಿಯ ಮೇಲೆ ಚಾಚಿದ ಕಂಬಿಯಿಂದ ಇಳಿಬಿಟ್ಟು ಮೊಣಕೈ ಅದರಲ್ಲಿ ಇಡುವುದು. ಆದರೆ ಇವರ ಮೈ ಇಳಿದುಹೋಗಿರುವುದರಿಂದ ತೋಳು ಅದರಲ್ಲಿ ನಿಲ್ಲುತ್ತಿಲ್ಲ. ಹೊಸದು ಬರುವುದಕ್ಕೆ ತಿಂಗಳು ಹಿಡಿಯುತ್ತದೆ. "ಒಂದೇ ನಿಯಮ. ಅದು ಕೈಗೆ ಆಸರೆ ಆಗಬೇಕು, ಕೈಯನ್ನ ಎತ್ತಬಾರದು. ಎತ್ತೋರು ಅವರೇ ಆಗಿರಬೇಕು."

ನಾನು ಅಳತೆ ಟೇಪು ತರಲು ಕೆಳಗೆ ಓಡಿದೆ.

ಮೊದಲ ಪಟ್ಟಿಯಲ್ಲಿ ನಾನು ಮಾಡಿದ್ದು ಶುದ್ಧ ಟೈಲರು ಮಾಡುವ ತಪ್ಪು. ಗಿರಾಕಿಗೆ ಸಲೀಸಾಗಲಿ ಎಂದು ಒಳ್ಳೆಯ ಅಗಲದ ಎಲಾಸ್ಟಿಕ್ ಜೋಡಿಸಿ ಹೊಲಿದೆ. ತೊಡಿಸಿ, ನೀರಿನ ಲೋಟ ಹಿಡಿಸಿದೆವು. ಡ್ರೈವರು ಎತ್ತಲು ಮನಸ್ಸು ಮಾಡುವ ಮೊದಲೇ ಕೈ ಮೇಲಕ್ಕೆ ಹಾರಿತು. ಲೋಟ ಮೂಗಿಗೆ ಬಡಿಯಿತು, ನೀರೆಲ್ಲ ಎದೆಯ ಮೇಲೆ. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ.

ಅವರೂ ನಕ್ಕು, "ನಾನು ಬೇಡ ಅಂದ್ರೂ ಕುಡಿಸಿಬಿಡುತ್ತೆ ಇದು," ಎಂದರು.

ನಗು ಅಲ್ಲಿಗೇ ನಿಂತಿತು. ಮೂವರೂ ಆ ಕೈಯನ್ನೇ ನೋಡಿದೆವು. ಅವರು ಇಳಿಸಲು ನೋಡುತ್ತಿದ್ದರು, ಅದು ಬಾಯಿಯ ಹತ್ತಿರವೇ ತೂಗುತ್ತಿತ್ತು.

ಅಂಗಡಿಗೆ ತಂದು ಹೊಲಿಗೆ ಬಿಚ್ಚುತ್ತಾ ಕೂತೆ. ಎಲಾಸ್ಟಿಕ್ ಕಡಿಮೆಯಾದರೆ ಕೈ ಏಳುವುದಿಲ್ಲ. ಹೆಚ್ಚಾದರೆ ಅವರು ಏಳಿಸಿದ್ದಲ್ಲ. ಸಹಾಯ ಎಲ್ಲಿ ಮುಗಿಯುತ್ತದೆ, ನೂಕುವುದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ನಾನು ಯೋಚಿಸಿದವಳೇ ಅಲ್ಲ. ಈಗ ಅದನ್ನು ಬೆರಳಿನಲ್ಲಿ ಎಳೆದು ನೋಡಬೇಕಾಯಿತು. ಕಚ್ಚಾ ಹೊಲಿಗೆ ಹಾಕಿದೆ, ತೊಡಿಸಿದೆ, ಬಿಚ್ಚಿದೆ, ಮತ್ತೆ ಹಾಕಿದೆ. ಕೊನೆಗೆ ಅಳತೆ ಸಿಕ್ಕಿತು. ಅವರು ಎತ್ತಿದರೆ ಕೈ ಬಾಯಿಗೆ ಬರುತ್ತಿತ್ತು. ಬಿಟ್ಟರೆ ತಾನಾಗಿ ತೊಡೆಗೆ ಇಳಿಯುತ್ತಿತ್ತು.

"ಈಗ ಬೇಡ ಅಂತ ಅಂದ್ಕೊಳ್ಳಿ," ಎಂದೆ, ಲೋಟ ಅರ್ಧ ದಾರಿಯಲ್ಲಿದ್ದಾಗ.

ಕೈ ಇಳಿಯಿತು.

"ಇದು ಸರಿ," ಎಂದರು ಡ್ರೈವರು. ಮುಂದಿನ ವಾರದ ತಾರೀಖನ್ನು ಅಕ್ಕ ಕ್ಯಾಲೆಂಡರಿನಲ್ಲಿ ತಾವೇ ಅಳಿಸಿದರು.

ಅಲ್ಲಿಂದ ಮುಂದೆ ಅಂಗಡಿಯ ರಜೆಯ ದಿನವೆಲ್ಲ ನನಗೆ ಮೇಲೇ ಕೆಲಸ. ಕೈ ದಿನದಿನಕ್ಕೆ ಸೋಲುತ್ತಿತ್ತು, ನಾನು ಒಂದೊಂದು ನೂಲಿನಷ್ಟು ಎಲಾಸ್ಟಿಕ್ ಬಿಗಿಮಾಡುತ್ತಿದ್ದೆ. ಪ್ರತಿ ಸಲವೂ ಅದೇ ಪರೀಕ್ಷೆ: ಬೇಕು ಅಂದ್ಕೊಳ್ಳಿ, ಬೇಡ ಅಂದ್ಕೊಳ್ಳಿ. ಸಾವಿಗೆಂದು ಹೊಲಿದ ಪಟ್ಟಿಯಲ್ಲಿ ಅವರು ಕಾಫಿ ಕುಡಿದರು. ಒಂದು ದಿನ ನಾನು ಹೋದಾಗ ಅಕ್ಕ ನೆಲದ ಮೇಲೆ ಕೂತಿದ್ದರು, ಇವರು ಪಟ್ಟಿಯ ಕೈಯಿಂದ ಅವರ ಕೂದಲನ್ನು ಕಿವಿಯ ಹಿಂದೆ ಸರಿಸುತ್ತಿದ್ದರು. ನಾನು ಸದ್ದಿಲ್ಲದೆ ಮೆಟ್ಟಿಲಿಳಿದು, ಮತ್ತೆ ದಪದಪ ಸದ್ದು ಮಾಡುತ್ತಾ ಹತ್ತಿದೆ.

ಅಕ್ಕ ಒಮ್ಮೆ ಅಂಗಡಿಯಲ್ಲಿ ಕೂತು ಅತ್ತರು. "ನನಗೆ ಎರಡೂ ಬೇಡ ಕಣೇ. ಅವರು ಹೋಗೋದೂ ಬೇಡ, ಹೀಗೆ ಇರೋದೂ ಬೇಡ. ಬೇಕಾಗಿರೋದನ್ನ ಯಾವ ಕಾನೂನೂ ಕೊಡಲ್ಲ." ಕರ್ಚೀಫು ಹುಡುಕಿ ಸಿಗದೆ ಒಂದು ತುಂಡು ಲೈನಿಂಗ್ ಬಟ್ಟೆ ಕೊಟ್ಟೆ.

ಡ್ರೈವರು ನನ್ನಿಂದ ಒಂದು ಮಾತು ತೆಗೆದುಕೊಂಡಿದ್ದರು. "ಈ ಪಟ್ಟಿಗೆ ಇನ್ನು ಸಾಧ್ಯವಿಲ್ಲ ಅನ್ನೋ ವಾರ ಬರುತ್ತೆ. ಅದು ಡಾಕ್ಟರಿಗಿಂತ ಮೊದಲು ನಿಮ್ಮ ಬೆರಳಿಗೆ ಗೊತ್ತಾಗುತ್ತೆ. ಹೇಳ್ಬೇಕು. ಸಾಯೋರಿಗೆ ಸುಳ್ಳು ಹೇಳೋದು ಸುಲಭ, ಆಮೇಲೆ ಬಂದು ಕೇಳಲ್ಲ ಅವರು."

ಆ ವಾರ ಬಂತು. ಎಲಾಸ್ಟಿಕ್ ಇದ್ದಷ್ಟೇ ಇದ್ದರೆ ಲೋಟ ಗದ್ದದ ಕೆಳಗೇ ನಿಲ್ಲುತ್ತಿತ್ತು, ಬಾಯಿಗೆ ತಲುಪಲು ಅವರು ಬೆವರುತ್ತಿದ್ದರು. ಒಂದು ನೂಲು ಬಿಗಿ ಮಾಡಿದೆ. ಬಾಯಿಗೆ ಬಂತು. ಬೇಡ ಅಂದುಕೊಳ್ಳಿ ಎಂದೆ. ಇಳಿಯಿತು, ಆದರೆ ಬಹಳ ಯೋಚಿಸಿ, ತಡೆದು ತಡೆದು ಇಳಿಯಿತು. ಇನ್ನೊಂದು ನೂಲು ಹಿಡಿದರೆ ಇಳಿಯುವುದಿಲ್ಲ ಎಂದು ಬೆರಳಿಗೆ ಗೊತ್ತಾಯಿತು.

ಸುಳ್ಳು ನನ್ನ ಬಾಯಿ ತುದಿಗೆ ಬಂದಿತ್ತು. ಇನ್ನೂ ಜಾಗ ಇದೆ, ಮುಂದಿನ ವಾರ ನೋಡೋಣ ಎಂದುಬಿಟ್ಟರೆ ಆಯಿತು. ಮುಂದಿನ ವಾರ ಬಾಗಿಲು ಮುಚ್ಚಿರುತ್ತದೆ, ಇವರು ಇರುತ್ತಾರೆ. ಎಷ್ಟು ದಿನ ಆಗುತ್ತದೋ ಅಷ್ಟು ದಿನ ಇರುತ್ತಾರೆ. ನನಗೆ ಅವರು ಇರಬೇಕಾಗಿತ್ತು. ಹೇಳಲು ನಾಚಿಕೆಯೇನು, ಆ ಬಾಲ್ಕನಿಯಿಂದ ಯಾರೂ ನನ್ನನ್ನು ರೇಗಿಸದ ಬೀದಿಯಲ್ಲಿ ಅಂಗಡಿ ತೆರೆಯಲು ನನಗೆ ಇಷ್ಟವಿರಲಿಲ್ಲ. ಅಮ್ಮ ಏಕೆ ಸಾಕು ಅನ್ನಲಿಲ್ಲ ಎಂದೂ ಆಗ ಹೊಳೆಯಿತು. ನಾನು ಒಂದು ದಿನವೂ ಕೇಳಿರಲಿಲ್ಲ.

"ಡ್ರೈವರೇ, ಇನ್ನು ಬಟ್ಟೆ ಇಲ್ಲ," ಎಂದೆ. "ಈ ವಾರ ಕೈ ನಿಮ್ಮದು. ಮುಂದಿನ ವಾರ ಎಲಾಸ್ಟಿಕ್ಕಿಂದು."

ಅವರು ನನ್ನನ್ನೇ ನೋಡಿದರು. "ಥ್ಯಾಂಕ್ಸ್ ಟೈಲರಮ್ಮ," ಎಂದರು. ಅಷ್ಟು ವರ್ಷಗಳಲ್ಲಿ ಅವರು ನನಗೆ ಥ್ಯಾಂಕ್ಸ್ ಹೇಳಿದ್ದು ಅದೊಂದೇ ಸಲ.

ಡಾಕ್ಟರಮ್ಮ ಬಂದು ಮತ್ತೆ ಎಲ್ಲ ಕೇಳಿದರು, ಡ್ರೈವರು ಒಬ್ಬರೇ ಇರುವಾಗಲೂ ಕೇಳಿದರು. ನಾನು ಸಹಿ ಹಾಕಿದೆ. ಕಾನೂನು ಸರಿಯೋ ತಪ್ಪೋ ನನಗೆ ಆಗಲೂ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ. ಅವರ ಇಚ್ಛೆ ಅವರದೇ ಎನ್ನುವುದೊಂದು ಗೊತ್ತಿತ್ತು. ಅದನ್ನು ವಾರವಾರವೂ ಅಳೆದವಳು ನಾನು.

ಆ ದಿನ ಬೆಳಗ್ಗೆ ಬಸ್ಸು ಹೋಗುವವರೆಗೆ ಕಾದೆವು. ತಿರುವಿನಲ್ಲಿ ಗೇರಿನ ಸದ್ದೇ ಬರಲಿಲ್ಲ. "ಕಲಿತ, ಕತ್ತೆ," ಎಂದರು. ಅಕ್ಕ ಎಡಗೈ ಹಿಡಿದು ಪಕ್ಕದಲ್ಲಿ ಕೂತರು. ನಾನು ಪಟ್ಟಿ ತೊಡಿಸಿ, ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಡಾಕ್ಟರಮ್ಮ ಲೋಟವನ್ನು ಅವರ ಬೆರಳುಗಳಿಗೆ ಕೊಟ್ಟು ತಾವೂ ಸರಿದರು.

ಕೈ ಎದ್ದಿತು. ಎದೆಗೆ ಬಂತು, ಗದ್ದಕ್ಕೆ ಬಂತು. ಅಲ್ಲಿ ನಿಂತಿತು. ಆಮೇಲೆ ನಿಧಾನವಾಗಿ, ಒಂದು ಹನಿಯೂ ಚೆಲ್ಲದೆ, ತೊಡೆಯವರೆಗೆ ಇಳಿಯಿತು.

ನಿಲ್ಲಿಸೋಣವೇ ಎಂದು ಡಾಕ್ಟರಮ್ಮ ಕೇಳಿದರು. ಅಕ್ಕನ ಮುಖದಲ್ಲಿ ಮೂಡಿದ ಆಸೆಯನ್ನು ನಾನು ನೋಡಿದೆ, ನನ್ನ ಮುಖದಲ್ಲೂ ಅದೇ ಇದ್ದಿರಬೇಕು.

ಡ್ರೈವರು ನನ್ನ ಕಡೆ ತಿರುಗಿದರು. "ಸುಮ್ನೆ ನೋಡಿದೆ," ಎಂದರು. "ಇಳಿಯುತ್ತೆ, ಟೈಲರಮ್ಮ."

ಮತ್ತೆ ಎತ್ತಿದರು, ಕುಡಿದರು.

ಮಧ್ಯಾಹ್ನ ಪಟ್ಟಿಯನ್ನು ಬಿಚ್ಚಿಕೊಂಡು ಕೆಳಗೆ ಬಂದೆ. ಮೊಣಕೈಯ ಜಾಗದಲ್ಲಿ ಬಟ್ಟೆ ಅವರ ತೋಳಿನ ಆಕಾರಕ್ಕೆ ಬಾಗಿತ್ತು. ಒಗೆಯಲಿಲ್ಲ, ಮೆಷಿನ್ನಿನ ಡ್ರಾಯರಿನಲ್ಲಿಟ್ಟೆ. ಸಂಜೆ ಅಕ್ಕ ಕುಂಡಗಳಿಗೆ ನೀರು ಹಾಕಿದರು. ಕೆಸರುನೀರು ಬಾಗಿಲ ಮುಂದೆ ಬಿತ್ತು. ನಾನು ರಸ್ತೆಗೆ ಹೋಗಿ ತಲೆಯೆತ್ತಿ ನಿಂತೆ, ಬೈಯಲು ಯಾರೂ ಇರಲಿಲ್ಲ.