ಮನಸಾರೆ ಕೊಟ್ಟದ್ದು

ಮಾವಳ್ಳಿಯ ನಾಗಿಯ ಬಲಗಾಲಿಗೆ ತೊರಕೆ ಮೀನಿನ ಮುಳ್ಳು ಹೊಕ್ಕು ಒಂದು ಮಳೆಗಾಲವೇ ಕಳೆದಿತ್ತು. ಸಕ್ಕರೆ ಕಾಯಿಲೆಯ ಮೈ, ಗಾಯ ಮಾಯಲೊಲ್ಲದು. ಮೀನಿನ ಬುಟ್ಟಿ ಹೊತ್ತು ಕೇರಿ ಸುತ್ತುವವಳಿಗೆ ಕಾಲು ಹೋದರೆ ಅನ್ನ ಹೋದಂತೆ.

ಹೊನ್ನಾವರದ ಖಾಸಗಿ ಆಸ್ಪತ್ರೆಯ ಸಂಜಯ ಡಾಕ್ಟರು ಹೊಸ ಔಷಧ ಬಂದಿದೆ ಎಂದರು. ತೆಳ್ಳಗಿನ ಪೊರೆ. ಗಾಯಕ್ಕೆ ಅಂಟಿಸಿದರೆ ಹೊಸ ಚರ್ಮ ಬೆಳೆಯುತ್ತದಂತೆ.

"ಎಂತದ್ರಲ್ಲಿ ಮಾಡ್ತಾರೆ ಡಾಕ್ಟ್ರೇ ಇದ್ನ?"

"ಹೆರಿಗೆ ಆದ್ಮೇಲೆ ಬೀಳೋ ಮಾಸಿಂದ. ತಾಯಂದಿರು ದಾನ ಕೊಡ್ತಾರೆ."

ನಾಗಿಯ ಮಗಳು ಸುಚಿತಾ ಹೋದ ವರ್ಷ ಹೆತ್ತದ್ದು ಇದೇ ಆಸ್ಪತ್ರೆಯಲ್ಲಿ. ಮಾಸಿಗೆ ಅರಿಶಿನ ಹಚ್ಚಿ, ಗಡಿಗೆಯಲ್ಲಿಟ್ಟು ಬಚ್ಚಲ ಹಿಂದೆ ಹೂಳುವುದು ಅವರ ಮನೆಯ ಪದ್ಧತಿ. ಹೂಳದಿದ್ದರೆ ಮಗುವಿಗೆ ಆಗಿಬರದು. ಅವತ್ತು ನಾಗಿ ಗಡಿಗೆ ಹಿಡಿದು, ಮಾಸು ಕೊಡಿ ಎನ್ನುತ್ತ ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. "ಅದು ಹೊಲಸು, ಸುಟ್ಟು ಹಾಕಿ ಆತು" ಎಂದು ನರ್ಸ್ ಜಯಂತಿ ಅಟ್ಟಿದ್ದಳು. ಆಮೇಲೆ ಮೊಮ್ಮಗುವಿಗೆ ಜ್ವರ ಬಂದಾಗಲೆಲ್ಲ ನಾಗಿ ತನ್ನನ್ನೇ ಶಪಿಸಿಕೊಂಡಿದ್ದಳು.

"ನಮ್ಮ ಸುಚಿತಾಂದೂ ಇದ್ರಲ್ಲಿ ಉಂಟಾ?"

"ಇರಬಹುದು. ಪುಣ್ಯದ ಕೆಲಸ, ನಾಗಮ್ಮ."

ನಿನ್ನೆಯವರೆಗೆ 'ಏಯ್' ಆಗಿದ್ದವಳು ನಾಗಮ್ಮನಾದಳು. ಪುಣ್ಯ ಹೆತ್ತವರಿಗೆ, ಲಾಭ ಮಾರಿದವರಿಗೆ ಎಂದು ಹಂಚಿಕೆಯೂ ಆಗಿಹೋಗಿತ್ತು.

ಆ ಪೊರೆ ಕೊಳ್ಳುವ ತಾಕತ್ತು ನಾಗಿಗೆಲ್ಲಿ? ಅದಕ್ಕೂ ಡಾಕ್ಟರೇ ದಾರಿ ಹೇಳಿದರು. ಔಷಧ ಕಂಪನಿಯವರು ಭಾನುವಾರ ದಾನಿ ತಾಯಂದಿರಿಗೆ ಸನ್ಮಾನ ಇಟ್ಟಿದ್ದಾರೆ. ಮಗಳ ಪರವಾಗಿ ವೇದಿಕೆ ಹತ್ತಿ, 'ಮನಸಾರೆ ಕೊಟ್ಟೆವು' ಅಂದರೆ ಸಾಕು, ಔಷಧ ಪುಕ್ಕಟೆ.

"ಹೇಳ್ಬಿಡು ಅಮ್ಮ. ಒಂದು ಮಾತಿಗೆ ಎಂತ ಆಗ್ತದೆ? ಕಾಲು ಉಳೀತದೆ" ಎಂದಳು ಸುಚಿತಾ.

ಭಾನುವಾರ ನಾಗಿಗೆ ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಕೆಳಗೆ ಕೂತ ತಾಯಂದಿರಿಗೂ ಒಂದೊಂದು ಶಾಲು ಕಾದಿತ್ತು. ಮೈಕು ಕೈಗೆ ಬಂತು.

"ನಾವು ಕೊಡ್ಲಿಲ್ಲ" ಎಂದಳು ನಾಗಿ. "ನಾನೇ ಕೇಳ್ದೆ, ಹೊಲಸು ಅಂದ್ರು. ಯಾರದೋ ಗಾಯ ಮಾಯ್ತದೆ ಅಂದಿದ್ರೆ ಬೇಡ ಅಂಬವಳಲ್ಲ ನಾನು. ಒಂದು ಮಾತು ಕೇಳ್ಲಿಲ್ಲ."

ಡಾಕ್ಟರು ಮೈಕಿಗೆ ಕೈ ಹಾಕಿದರು. "ನಾಗಮ್ಮ, ಕಾಲಿನ ಗತಿ ಯೋಚ್ನೆ ಮಾಡಿ."

"ಮಾಡಿಯೇ ಬಂದದ್ದು ಡಾಕ್ಟ್ರೇ." ಶಾಲು ಮಡಚಿ ಕುರ್ಚಿಯ ಮೇಲಿಟ್ಟಳು. ಕೆಳಗೆ ನೋಡಿದಳು. "ನಿಮ್ಮಲ್ಲಿ ಯಾರ ಹತ್ರ ಕೇಳಿದ್ರು, ಹೇಳಿ."

ಹಿಂದಿನ ಸಾಲಿನಿಂದ, ಅದೇ ಆಸ್ಪತ್ರೆಯಲ್ಲಿ ಹೆತ್ತಿದ್ದ ಗಣಪಿ ಎದ್ದಳು. "ನಮಗೂ ಹೊಲಸು ಅಂತಲೇ ಹೇಳಿದ್ರು." ಅವಳ ಪಕ್ಕದವಳೂ ಎದ್ದಳು. ಊಟ ತಯಾರಿದೆ ಎಂದು ಕಂಪನಿಯವರು ಕೂಗಿಕೊಂಡರು. ಯಾರೂ ಅತ್ತ ಹೋಗಲಿಲ್ಲ.

ಮೆಟ್ಟಿಲು ಇಳಿಯುವುದು ನಾಗಿಯ ಕಾಲಿಗೆ ಆಗುತ್ತಿರಲಿಲ್ಲ. ಹೆಂಗಸರೇ ವೇದಿಕೆ ಹತ್ತಿ, ಅವಳನ್ನು ಎತ್ತಿಕೊಂಡು ಇಳಿದರು.