ಗಾಜಿನ ಪೆಟ್ಟಿಗೆಯ ಕಿಂಡಿ

“ನಿಮ್ಮ ಕಂಪ್ಯೂಟರು ಎರಡು ದಿನದಿಂದ ಯಾರ ಜೊತೆಗೋ ಮಾತಾಡ್ತಾ ಇದೆ ಕಣಮ್ಮ. ನೀವು ಮನೆಗೆ ಹೋದಮೇಲೂ ಬಾಯಿ ಮುಚ್ಚಿಲ್ಲ,” ಎಂದ ರಿಪೇರಿಯವನು, ಪರದೆಗೆ ಮೂಗು ತಗಲುವಷ್ಟು ಬಾಗಿ.

ಟೈಪಿಸ್ಟು ನಕ್ಕಳು. ವಕೀಲರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ತಳವೂರಿದವಳಿಗೆ ಈ ಮನುಷ್ಯನ ವರಸೆ ಗೊತ್ತು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಹೃದಯಾಘಾತ ಎನ್ನುವವನು. ಇವತ್ತೂ ಯಂತ್ರ ಯಾಕೋ ನಿಧಾನ, ಸ್ವಲ್ಪ ನೋಡು ಎಂದು ಕರೆಸಿದ್ದಷ್ಟೆ.

“ನನ್ನ ಗಂಡನ ಜೊತೆಗಾದ್ರೆ ಮಾತಾಡ್ಲಿ ಬಿಡು. ನನ್ನ ಗಂಟಲಿಗೆ ಒಂದಿಷ್ಟು ವಿಶ್ರಾಂತಿ.”

ಅವನು ನಗಲಿಲ್ಲ. ಅವಳ ಎದೆಗೆ ಮೊದಲು ತಾಕಿದ್ದು ಅದೇ.

“ಮಂಗಳವಾರ ಬೆಳಿಗ್ಗೆ ಹನ್ನೊಂದು ಮುಕ್ಕಾಲಿಗೆ ಒಂದು ಫೈಲು ತೆಗೆದಿದ್ದೀರಿ. ಮೇಲ್‌ನಲ್ಲಿ ಬಂದಿದ್ದು.”

“ತೆಗೆದಿರ್ತೀನಿ. ಪೆಟ್ಟಿಗೆ ಒಳಗೇ ತೆಗೆದಿರ್ತೀನಪ್ಪ. ನೀನೇ ತೋರಿಸಿಕೊಟ್ಟಿದ್ದಲ್ವಾ?”

ತೋರಿಸಿಕೊಟ್ಟವನು ಅವನೇ. ದಾಖಲೆ ಓದುವ ತಂತ್ರಾಂಶದಲ್ಲಿ ಗುರುತುಪರಿಚಯವಿಲ್ಲದ ಫೈಲುಗಳಿಗೆಂದೇ ಒಂದು ಗಾಜಿನ ಪೆಟ್ಟಿಗೆ ಇದೆ, ಅದರೊಳಗಿಟ್ಟು ನೋಡಿದರೆ ಫೈಲಿಗೆ ಏನು ರೋಗವಿದ್ದರೂ ಹೊರಗೆ ಅಂಟುವುದಿಲ್ಲ ಎಂದಿದ್ದ. ಅಂದಿನಿಂದ ಕಚೇರಿಯಲ್ಲಿ ಅನುಮಾನ ಬಂದದ್ದೆಲ್ಲ ಅವಳ ಮೇಜಿಗೇ. “ಅಮ್ಮ, ಇದನ್ನೊಂದು ಮೂಸಿ ನೋಡಿ” ಎಂದು ಕಿರಿಯ ವಕೀಲರು ಕಳಿಸುವರು. ಹೀಗೆ ಮೂಸಿ ಮೂಸಿ ಅವಳದೇ ಎಲ್ಲಕ್ಕಿಂತ ಭದ್ರವಾದ ಯಂತ್ರ ಎಂದು ಹೆಸರಾಯಿತು. ಹೆಸರಾದಮೇಲೆ ವಕೀಲ ಮೇಡಂ, ಗಂಡಂದಿರಿಂದ ತಪ್ಪಿಸಿಕೊಂಡು ಬಂದ ಹೆಂಗಸರ ಹೊಸ ವಿಳಾಸ, ಫೋನ್ ನಂಬರುಗಳನ್ನೂ ಅದರಲ್ಲೇ ಇಡಿಸಿದರು. ಕೋರ್ಟಿನ ಕಾಗದದಲ್ಲೂ ಇಲ್ಲದ ವಿಳಾಸಗಳು. ಎಲ್ಲರಿಗೂ ಅದು ಸರಿಯಾಗಿಯೇ ಕಂಡಿತ್ತು.

“ಪೆಟ್ಟಿಗೆ ಗಟ್ಟೀನೇ,” ಎಂದ ರಿಪೇರಿಯವನು. “ಆದ್ರೆ ಅದಕ್ಕೊಂದು ಕಿಂಡಿ ಇರುತ್ತೆ. ಒಳಗಿರೋದಕ್ಕೆ ಪ್ರಿಂಟು ಗಿಂಟು ಬೇಕಾದ್ರೆ ಕಿಂಡೀಲಿ ಚೀಟಿ ಕೊಡ್ಬೇಕು, ಹೊರಗಿನ ಕಾವಲಿನವನು ಓದಿ ಮಾಡಿಕೊಡ್ತಾನೆ. ಈ ಫೈಲು ಕಳಿಸಿದವನು ಎಂಥಾ ಚೀಟಿ ಬರೆದಿದ್ದಾನೆ ಅಂದ್ರೆ, ಕಾವಲಿನವನು ಓದ್ತಾ ಓದ್ತಾ ಬೀಗದಕೈನೇ ಕೊಟ್ಟುಬಿಟ್ಟಿದ್ದಾನೆ. ಕಂಪನಿಯವರು ಹೋದ ವಾರವೇ ಆ ಕಿಂಡೀನ ಸರಿಮಾಡಿ ಅಪ್‌ಡೇಟ್ ಕಳಿಸಿದ್ದಾರೆ.”

“ಮತ್ತೆ?”

“ನೀವು ‘ಆಮೇಲೆ’ ಅಂತ ಒತ್ತಿದ್ದೀರಿ. ಆರು ಸಲ.”

ಒತ್ತಿದ್ದಳು. ಅರ್ಜಿ ಅರ್ಧ ಟೈಪಾದಾಗಲೇ ಪರದೆಯ ಮೇಲೆ ಅಪ್‌ಡೇಟಿನ ಆ ಚೌಕ ಎದ್ದು ಬರುತ್ತಿತ್ತು. ನೊಣ ಓಡಿಸಿದ ಹಾಗೆ ಓಡಿಸಿದ್ದಳು.

“ಹೊರಗೆ ಬಂದು ಏನು ಮಾಡ್ತು, ಅದನ್ನ ಹೇಳು.”

“ಒಂದೇ ಫೋಲ್ಡರು ಓದಿ ಕಳಿಸಿದೆ. ಬೇರೇನೂ ಮುಟ್ಟಿಲ್ಲ.” ಪರದೆಯ ಮೇಲೆ ಬೆರಳಿಟ್ಟ. ವಿಳಾಸಗಳ ಫೋಲ್ಡರು.

ಅವಳು ಮಂಗಳವಾರದ ಮೇಲ್ ಹುಡುಕಿ ತೆಗೆದಳು. ಯಾರದೋ ಹೆಸರು. ವಿಷಯದ ಸಾಲಿನಲ್ಲಿ ಒಂದು ಕೇಸಿನ ಸಂಖ್ಯೆ, ಒಂದಂಕಿಯೂ ತಪ್ಪಿಲ್ಲದೆ. ಮುರಿದ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು, ಎಂಟು ವರ್ಷದ ಮಗಳನ್ನು ಎಳೆದುಕೊಂಡು ಬಂದಿದ್ದಳಲ್ಲ ಹೊಲಿಗೆಯವಳು, ಅವಳ ಕೇಸು. ಕಚೇರಿಯ ಆಚೆ ಆ ಸಂಖ್ಯೆ ಬಾಯಿಪಾಠ ಇದ್ದವನೆಂದರೆ ಅವಳ ಗಂಡ. ಕೋರ್ಟಿನ ಪಡಸಾಲೆಯಲ್ಲಿ ಟೈಪಿಸ್ಟಿಗೆ ಬಾಗಿಲು ಹಿಡಿದು ನಿಂತು, “ಎಲ್ಲಿದ್ದಾಳೆ ಅಂತ ನಿಮ್ಮನ್ನ ಕೇಳಲ್ಲ ಬಿಡಿ, ನಿಮಗ್ಯಾಕೆ ತೊಂದರೆ” ಎಂದು ಮೆತ್ತಗೆ ನಕ್ಕವನು.

ಹೊಲಿಗೆಯವಳ ನಂಬರನ್ನು ಎರಡು ಸಲ ತಪ್ಪಾಗಿ ಒತ್ತಿದಳು. ಮೂರನೆಯ ಸಲಕ್ಕೆ ಹೊಲಿಗೆ ಯಂತ್ರದ ಗಡಗಡದ ನಡುವೆ ದನಿ ಕೇಳಿಸಿತು.

“ಹೇಳಿ ಅಕ್ಕಾ! ನಿಮ್ಮ ಬಟ್ಟೆ ಇನ್ನೂ ಆಗಿಲ್ಲ, ಬೈಬೇಡಿ.”

“ಮಗಳೆಲ್ಲಿ?”

“ಶಾಲೇಲಿ. ಮೂರೂವರೆಗೆ ಬಿಡುತ್ತೆ, ಹೋಗಿ ಕರ್ಕೊಂಡು ಬರ್ಬೇಕು. ನಿನ್ನೆ ನಿಮ್ಮ ಆಫೀಸಿನವರಿಗೆ ಎಲ್ಲಾ ಹೇಳಿದ್ನಲ್ಲ.”

“ಯಾವ ಆಫೀಸಿನವರು?”

“ಅದೇ ಅಕ್ಕ, ಹೊಸಬಳು ಯಾರೋ ಫೋನ್ ಮಾಡಿದ್ಲಲ್ಲ. ಕೇಸಿನ ನಂಬರು, ಈ ಮನೆ ನಂಬರು, ಎಲ್ಲಾ ಅವಳೇ ಹೇಳಿದ್ಲು. ಸಹಿ ತಗೊಳ್ಳೋಕೆ ನಾವು ಮನೆಗೆ ಬರ್ಬೇಕು, ನೀವು ಎಷ್ಟು ಹೊತ್ತಿಗೆ ಹೊರಗೆ ಹೋಗ್ತೀರಿ, ಎಷ್ಟು ಹೊತ್ತಿಗೆ ಬರ್ತೀರಿ ಅಂತ. ಪಾಪ, ಎಷ್ಟು ಮರ್ಯಾದೆಯ ಮಾತು ಗೊತ್ತಾ?”

ಗೋಡೆಯ ಗಡಿಯಾರದಲ್ಲಿ ಮೂರು ಹತ್ತು.

“ನಾವು ಯಾರೂ ಫೋನ್ ಮಾಡಿಲ್ಲ ಕಣೆ. ನಿನ್ನ ವಿಳಾಸ ಅವನಿಗೆ ಸಿಕ್ಕಿದೆ. ನನ್ನಿಂದಾನೇ ಸಿಕ್ಕಿದೆ. ಈಗಲೇ ಎದ್ದು ಶಾಲೆಗೆ ಓಡು. ಮಗೂನ ಕರ್ಕೊಂಡು ನೇರ ಪೊಲೀಸ್ ಸ್ಟೇಷನ್ನಿಗೆ ಹೋಗು. ಆ ಮನೆಗೆ ಮಾತ್ರ ವಾಪಸ್ ಬರಬೇಡ.”

ಯಂತ್ರದ ಸದ್ದು ನಿಂತಿತು.

“ಒಂದು ತಿಂಗಳಿಂದ ನಿದ್ದೆ ಬರ್ತಿತ್ತಕ್ಕ ನಂಗೆ,” ಎಂದಳು ಹೊಲಿಗೆಯವಳು. ಫೋನನ್ನು ಎಲ್ಲೋ ಇಟ್ಟ ಸದ್ದು. ಚಪ್ಪಲಿಯ ಪಟಪಟ, ಬಾಗಿಲು ಗೋಡೆಗೆ ಬಡಿದದ್ದು, ಮೆಟ್ಟಿಲು.

ರಿಪೇರಿಯವನು ಅಷ್ಟರಲ್ಲಿ ಒಳಕೋಣೆಗೆ ಹೋಗಿ ಮೇಡಂಗೆ ಹೇಳಿದ್ದ. ಅವರು ಪೊಲೀಸರಿಗೆ ಮನೆ ನಂಬರನ್ನು ಎರಡೆರಡು ಸಲ ಹೇಳುವುದು ಹೊರಗೂ ಕೇಳುತ್ತಿತ್ತು. ಅವನು ಬಂದು ಎದುರಿಗೆ ನಿಂತ.

“ಹೋದ್ಲಾ?”

“ಹೋದ್ಲು. ಫೋನ್ ಅಲ್ಲೇ ಬಿಟ್ಟು ಹೋದ್ಲು.”

“ಹೋಗ್ಲಿ ಬಿಡಿ ಅಮ್ಮ. ಫೋನ್ ಹೋದ್ರೆ ಹೋಗ್ಲಿ.”

ಅವಳು ಕಿವಿಯಿಂದ ಫೋನ್ ತೆಗೆಯಲಿಲ್ಲ. ಆ ಕಡೆ ಬರಿ ಕೋಣೆಯ ಸದ್ದು. ಫ್ಯಾನಿನ ಗಾಳಿಗೆ ಯಾವುದೋ ಕಾಗದ ಪಟಗುಟ್ಟುತ್ತಿತ್ತು. ಒಂದು ನಿಮಿಷ, ಎರಡು ನಿಮಿಷ. ಆಮೇಲೆ ಮೆಟ್ಟಿಲ ಮೇಲೆ ಬೂಟಿನ ಹೆಜ್ಜೆಗಳು, ಅವಸರವಿಲ್ಲದವು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಒಂದು ಬೂಟು ಕಳಚಿಟ್ಟ ಸದ್ದು, ಇನ್ನೊಂದರದ್ದು. ಯಾರೋ ಕುರ್ಚಿ ಎಳೆದುಕೊಂಡು ಕೂತರು.